ನಡುಮನೆಯ ಹೊಸ್ತಿಲು

ಕಂಬಕ್ಕೆ ಶರಣು, ಕಂಬದ ನೆರಳಿಗೆ ಶರಣು, ನೆರಳು ಮುಗಿಯುವ ಗೆರೆಗೂ ಶರಣು ಎಂದು ಹೇಳಿದ ಮೇಲೆಯೇ ಕೆಂಗಲ್ಲೂರಿನವರು ಈ ಕಥೆಗೆ ಬಾಯಿ ಹಾಕುತ್ತಾರೆ. ಇದನ್ನು ನಾನು ಕ್ವಾರಿಯ ಗಂಡಸರಿಂದಲೂ ಪಾಲಿಶ್ ಶೆಡ್ಡಿನ ಹೆಂಗಸರಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಅವರು ಗೆರೆಯ ಒಳಗೆ ಕುಳಿತು ಹೇಳಿದರು. ನಾನು ಹೊರಗೆ ಕುಳಿತು ಕೇಳಿದೆ. ಎರಡು ಪಾಠಗಳೂ ಬಹುದೂರ ಒಟ್ಟಿಗೆ ನಡೆದು ಒಂದು ಕಡೆ ಕವಲೊಡೆಯುತ್ತವೆ. ಕವಲು ಬಂದಾಗ ತಿಳಿಸುತ್ತೇನೆ.

ಕೆಂಗಲ್ಲೂರು ಕೆಂಪು ಗ್ರಾನೈಟಿನ ಊರು. ಕಲ್ಲು ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಒಮ್ಮೆ ಕುಳಿತರೆ ಮತ್ತೆ ಏಳುವುದಿಲ್ಲ. ಊರವರು ಅದನ್ನು ಕಲ್ಲುದಮ್ಮು ಎನ್ನುತ್ತಿದ್ದರು. ಹೆಣ್ಣು ಕೊಡುವವರು ವರನ ಕೈಗೆ ಊದುಗೊಳವೆ ಕೊಟ್ಟು, ಒಲೆ ಊದಿಸಿ, ಎಷ್ಟು ಹೊತ್ತಿಗೆ ಕೆಮ್ಮುತ್ತಾನೆಂದು ನೋಡುವ ಪದ್ಧತಿಯೇ ಅಲ್ಲಿತ್ತು. ಕ್ವಾರಿಯವರು ಕೆಲಸ ನಿಲ್ಲಿಸಿದರು, ರಸ್ತೆಯಲ್ಲಿ ಕುಳಿತರು, ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದರು, ಕೊನೆಗೆ ಗೆದ್ದರು. ಆರೋಗ್ಯವು ಯಾರೋ ತೋರುವ ಕೃಪೆಯಲ್ಲ, ಹುಟ್ಟಿದ ಪ್ರತಿ ಮನುಷ್ಯನ ಮೂಲಭೂತ ಹಕ್ಕು ಎಂಬ ತೀರ್ಪು ಬಂದ ದಿನ ಊರಿನಲ್ಲಿ ಹಲಗೆ ಬಾರಿಸಿದರಂತೆ. ಕೆಮ್ಮುತ್ತಲೇ ಕುಣಿದರಂತೆ.

ಆ ಹಕ್ಕನ್ನು ಕೊಡಲು ಸರಕಾರ ಕಂಡುಕೊಂಡ ಸಾಧನ ಉಸಿರುಗಂಬ. ಊರಿನ ನಡುವೆ ನಿಂತ ಆ ಕಂಬದಿಂದ ಕಣ್ಣಿಗೆ ಕಾಣದ ಅಲೆಯೊಂದು ಹೊರಡುತ್ತದೆ. ನಾಲಗೆಯ ಮೇಲೆ ಬಿಟ್ಟ ಒಂದು ಹನಿ ಔಷಧದಲ್ಲಿ ರಕ್ತಕಣಕ್ಕಿಂತ ಚಿಕ್ಕದಾದ ಯಂತ್ರಕಣಗಳು ಇರುತ್ತವೆ. ಅಲೆ ತಾಗುತ್ತಿರುವವರೆಗೆ ಅವು ಮೈಯೊಳಗೆ ದುಡಿಯುತ್ತವೆ: ಧೂಳು ಗುಡಿಸುತ್ತವೆ, ಸೋಂಕನ್ನು ತಿನ್ನುತ್ತವೆ, ಹರಿದ ನರವನ್ನು ಹೊಲಿಯುತ್ತವೆ. ಕೆಂಗಲ್ಲೂರಿನಲ್ಲಿ ಕೆಮ್ಮು ನಿಂತಿತು. ಮುದುಕರು ಒಲೆ ಊದಿ ತೋರಿಸಿ ನಕ್ಕರು.

ಅಲೆ ಒಂದು ಹರಿದಾರಿಯ ಆಚೆಗೆ ಹೋಗುತ್ತಿರಲಿಲ್ಲ. ಅದು ಮುಗಿಯುವ ಕಡೆ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಗೆರೆಗೆ ಬೇಲಿ ಇರಲಿಲ್ಲ. ಬೇಲಿಯ ಅಗತ್ಯವೂ ಇರಲಿಲ್ಲ. ಕಣಗಳು ಎಲ್ಲವನ್ನೂ ಮಾಡಿಕೊಡುವುದರಿಂದ ಮೈ ತನ್ನ ಕಾವಲನ್ನು ತಾನೇ ಮರೆಯುತ್ತಿತ್ತು. ಮರೆತವನು ಗೆರೆ ದಾಟಿದರೆ ಕಣಗಳು ನಿಂತು ರಕ್ತದಲ್ಲಿ ಗಂಟುಕಟ್ಟುತ್ತಿದ್ದವು. ಮುಂಜಾನೆ ದಾಟಿದವನು ಸಂಜೆಯನ್ನು ಕಾಣುತ್ತಿರಲಿಲ್ಲ. ಒಳಗೆ ಬಂದವರಿಗೂ, ಒಳಗೆ ಹುಟ್ಟಿದವರಿಗೂ ಹನಿ ಕಡ್ಡಾಯ. ಒಬ್ಬರು ಬಿಟ್ಟರೂ ಎಲ್ಲರಿಗೂ ಸೋಂಕಿನ ಅಪಾಯ. ಆದ್ದರಿಂದ ಈ ಹಕ್ಕನ್ನು ಬಿಟ್ಟುಕೊಡುವ ಹಕ್ಕು ಯಾರಿಗೂ ಇಲ್ಲವೆಂದು ಕಾನೂನು ಹೇಳಿತು.

ಹೊರಗಿನ ಊರುಗಳಲ್ಲಿ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿದವು. ಹಕ್ಕು ಬೇಕಾದವರು ಕಂಬದ ಕೆಳಗೆ ಬರಲಿ ಎಂಬುದು ಸರಕಾರದ ನಿಲುವು.

ಹೀಗಿರುವಾಗ ಹೂವವ್ವ ಬಸುರಿಯಾದಳು. ಗೆರೆಯ ಆಚೆಗಿನ ಹೊಸಗುಡ್ಡ ಅವಳ ತವರು. ಕ್ವಾರಿಯ ಹುಲಗಪ್ಪನನ್ನು ಮೆಚ್ಚಿ ಮದುವೆಯಾಗಿ, ಗೆರೆಯ ಬಳಿ ನಗುನಗುತ್ತಾ ನಾಲಗೆ ಚಾಚಿ ಹನಿ ತೆಗೆದುಕೊಂಡು ಒಳಗೆ ಬಂದವಳು. ತನ್ನ ಬಗ್ಗೆ ಅವಳಿಗೆ ಪಶ್ಚಾತ್ತಾಪ ಇರಲಿಲ್ಲ. ಹೊಟ್ಟೆಯಲ್ಲಿದ್ದುದು ಒದೆಯಲು ತೊಡಗಿದ ಮೇಲೆ ಮಾತ್ರ ಅವಳು ಒಂದೇ ಮಾತು ಹಿಡಿದಳು: ಈ ಕೂಸು ಗೆರೆಯ ಒಳಗೆ ಹುಟ್ಟಬಾರದು.

ಅತ್ತೆ ದ್ಯಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹುಟ್ಟಿದ ಕೂಸಿನ ಬಾಯಾಗ ಒಂದು ಹನಿ ಬಿಟ್ರ ನಿಂದೇನು ಗಂಟು ಹೋಗತೈತಿ? ನನ್ನ ಗಂಡ ಹಾಸಿಗಿ ಮ್ಯಾಲೆ ಕುಂತ ಸತ್ತ. ಮಲಗಾಕ ದಮ್ಮ ಬಿಡಲಿಲ್ಲ ಅಂವನ್ನ. ಆ ಹನಿ ಆವಾಗ ಇದ್ದಿದ್ರ ನಾ ಹಿಂಗ ಇರ್ತಿದ್ನೇನು?"

"ಹನಿ ಬ್ಯಾಡ ಅನ್ನಾಕತ್ತಿಲ್ಲ ಅತ್ತಿ. ಬಾಗಲಾ ಬೇಕು ಅನ್ನಾಕತ್ತೀನಿ."

"ಬಾಗಲಾ ತಗೊಂಡು ಎಲ್ಲಿ ಹೊಕ್ಕೀದಿ? ಹೊರಗೇನೈತಿ? ನಿಮ್ಮೂರ ದವಾಖಾನಿ ಕಟ್ಟಿಮ್ಯಾಲೆ ಆಡು ಮಲಗತಾವಂತ."

"ಮಲಗಲಿ. ಆಡು ಎದ್ದು ಬೇಕಾದ ಕಡೆ ಹೊಕ್ಕಾವ."

ಹುಲಗಪ್ಪ ಇಬ್ಬರ ನಡುವೆ ಉಣ್ಣುತ್ತಾ ಕುಳಿತಿದ್ದ. "ಜಗಳಾಡ್ರಿ, ಜಗಳಾಡ್ರಿ. ಕಂಬ ಕೇಳಿಸ್ಕೊಂಡು ಇಬ್ರದೂ ಬಿಪಿ ಇಳಸ್ತೈತಿ. ನನಗ ಇನ್ನೊಂದು ರೊಟ್ಟಿ ಹಾಕ್ರಿ." ಅವನು ನಗಿಸಲು ಹೇಳಿದ. ಆದರೆ ಅದು ನಿಜವೂ ಆಗಿತ್ತು. ಕೆಂಗಲ್ಲೂರಿನಲ್ಲಿ ಸಿಟ್ಟು ಬಂದರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ಹೂವವ್ವ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಮೈ ಒಪ್ಪದ ಸಿಟ್ಟು ತನ್ನದೋ ಅಲ್ಲವೋ ಎಂದು ಅವಳಿಗೇ ಅನುಮಾನವಾಯಿತು.

ಅವಳ ತಾಯಿ ಯಂಕವ್ವ ಪ್ರತಿ ಸೋಮವಾರ ಬುತ್ತಿ ಕಟ್ಟಿಕೊಂಡು ಗೆರೆಯವರೆಗೆ ಬರುತ್ತಿದ್ದಳು. ಒಳಗೆ ಬಂದರೆ ಅವಳಿಗೂ ಹನಿ. ಅದಕ್ಕಾಗಿ ಗೆರೆಯ ಆಚೆ ಅವಳು, ಈಚೆ ಇವಳು. ನಡುವೆ ಬುತ್ತಿಯ ಗಂಟು.

"ಚೊಚ್ಚಲ ಹೆರಿಗಿ ತವರಾಗ ಆಗಬೇಕು," ಎಂದಳು ಯಂಕವ್ವ. "ನಮ್ಮ ಮನಿತನದಾಗ ಯಾರೂ ಗಂಡನ ಮನ್ಯಾಗ ಹಡದಿಲ್ಲ."

"ಬಂದ್ರ ಸಾಯ್ತೀನಿ ಬೇ."

"ಗೊತ್ತೈತಿ. ನೀ ಬರಬ್ಯಾಡ. ತವರನ್ನ ನಾ ತರ್ತೀನಿ."

ಮಗಳು ನಕ್ಕಳು. ತಾಯಿ ನಗಲಿಲ್ಲ. ಆ ಸೀಮೆಯಲ್ಲಿ ಮನೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಕ್ರಮವೊಂದಿದೆ. ಗೋಡೆ ಮಾಡು ಯಾವುದಾದರೂ ಆಗಬಹುದು. ಹಳೆಯ ಹೊಸ್ತಿಲನ್ನೂ ಒಲೆಯ ಕಲ್ಲುಗಳನ್ನೂ ಕಿತ್ತು ತಂದು ಹೊಸ ಜಾಗದಲ್ಲಿ ಕೂರಿಸಿದರೆ ಅದೇ ಹಳೆಯ ಮನೆ ಎಂದು ಲೆಕ್ಕ. ಹೊಳೆ ಉಕ್ಕಿ ಊರುಗಳು ಸ್ಥಳಾಂತರವಾದಾಗ ಎಲ್ಲರೂ ಹಾಗೆಯೇ ಮಾಡಿದ್ದರು. ಯಂಕವ್ವ ಹೊಸಗುಡ್ಡದ ಮನೆಯ ಹೊಸ್ತಿಲನ್ನು ಕೀಳಿಸಿ, ಅರಿಷಿಣ ಹಚ್ಚಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಳು. ಗೆರೆಯ ಮೇಲೆಯೇ ತಗಡಿನ ಮಾಡಿನ ಒಂದೇ ಕೋಣೆ ಎದ್ದಿತು. ಹೊಸ್ತಿಲನ್ನು ಅವಳು ಬಾಗಿಲಿಗೆ ಇಡಲಿಲ್ಲ. ಕೋಣೆಯ ನಡುವೆ, ಹಳದಿ ಗೆರೆ ಹಾಯ್ದುಹೋದ ಕಡೆ ಹುಗಿಸಿದಳು. ಒಲೆ ಹೊರಗಿನ ಅರ್ಧದಲ್ಲಿ, ತೊಟ್ಟಿಲ ಕೊಂಡಿ ಹೊರಗಿನ ಅರ್ಧದಲ್ಲಿ, ಮಗಳ ತಲೆದಿಂಬು ಮಾತ್ರ ಒಳಗಿನ ಅರ್ಧದಲ್ಲಿ.

ಕಂಬದ ಕಾನೂನು ಅಧಿಕಾರಿ ಶ್ರೀಕಂಠಸ್ವಾಮಿ ಮೈಸೂರಿನ ಕಡೆಯವರು. ಅವರು ಬಂದು ಕೋಣೆಯನ್ನು ಎರಡೂ ಕಡೆಯಿಂದ ನೋಡಿದರು.

"ಅಮ್ಮಾ, ಇದು ಒಳಗಿನ ಮನೆಯೋ ಹೊರಗಿನ ಮನೆಯೋ?"

"ತವರಮನಿ ರೀ."

"ಅದು ಸರಿ. ಮನೆ ನಡುವೆ ಹೊಸ್ತಿಲು ಯಾಕೆ?"

"ನೀವು ಊರ ನಡಬರಕ ಕಂಬ ಇಟ್ಟೀರಿ. ನಾವೇನರ ಕೇಳೀವಿ?"

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಕೆಟ್ಟವರಲ್ಲ ಅವರು ಎಂದು ಎರಡೂ ಪಾಠಗಳು ಹೇಳುತ್ತವೆ.

ಕಂಬದ ಬುಡದ ನಿಯಂತ್ರಣ ಕೊಠಡಿಯಲ್ಲಿ ಒಂದು ದೊಡ್ಡ ಪರದೆ. ಒಳಗಿನ ಪ್ರತಿ ಜೀವವೂ ಅದರ ಮೇಲೆ ಒಂದು ಹಸಿರು ಚುಕ್ಕೆ. ಚುಕ್ಕೆಗಳನ್ನು ಕಾಯುವವಳು ಡಾಕ್ಟರ್ ಶಾಲ್ಮಲಾ ಗಲಗಲಿ. ಹನಿ ತೆಗೆದುಕೊಂಡೇ ಒಳಗೆ ಬಂದವಳಾದ್ದರಿಂದ ಆ ಚುಕ್ಕೆಗಳಲ್ಲಿ ಅವಳದೂ ಒಂದು. ಶ್ರೀಕಂಠಸ್ವಾಮಿ ಚಹಾ ಹಿಡಿದು ಅವಳ ಪಕ್ಕದಲ್ಲಿ ಕುಳಿತರು.

"ಮೊದಲ ಉಸಿರು ಎಲ್ಲಿ ಎಳೆದುಕೊಳ್ಳತ್ತೋ ಮಗು ಅಲ್ಲಿಯದು. ಕಾನೂನು ಅಷ್ಟೇ ಹೇಳೋದು. ಆಯಮ್ಮ ಗೆರೆಯಿಂದಾಚೆ ಹೆತ್ತರೆ ನಾನು ಕೇಳೋ ಹಾಗಿಲ್ಲ. ಆದ್ರೆ ಹೊಟ್ಟೆ ಉರಿಯತ್ತೆ ಮೇಡಂ. ಇವರ ಅಪ್ಪಂದಿರು ಪ್ರಾಣ ಬಿಟ್ಟು ಗೆದ್ದ ಹಕ್ಕು ಇದು. ಇವರು ಮಗೂಗೆ ಬೇಡ ಅಂತಾರೆ."

"ಬ್ಯಾಡ ಅನ್ನೂ ಹಕ್ಕು ಇರಬೇಕಲ್ಲ ಸರ್."

"ಶಾಲೆಗೆ ಹೋಗೋದು ಮಗುವಿನ ಹಕ್ಕು. ಹೋಗದೇ ಇರೋದೂ ಹಕ್ಕೇನು?"

"ಶಾಲಿ ಬಿಟ್ಟ ಮ್ಯಾಲೆ ಮನಿಗೆ ಕಳಸ್ತಾರಲ್ಲ ಸರ್."

ಅವರು ಚಹಾ ಕುಡಿದರು. ಲೋಟ ಕೆಳಗಿಟ್ಟು, "ಹೊರಗೆ ಸಾಯೋ ಸ್ವಾತಂತ್ರ್ಯ, ಒಳಗೆ ಬದುಕೋ ಬಂಧನ. ನೀವಾದ್ರೆ ಮಗೂಗೆ ಯಾವುದು ಕೊಡ್ತೀರಿ?" ಎಂದು ಕೇಳಿದರು. ಶಾಲ್ಮಲಾ ಪರದೆಯತ್ತ ತಿರುಗಿದಳು. ಈ ಎರಡೇ ಏಕೆ ಇರಬೇಕು ಎಂಬುದು ಅವಳ ಪ್ರಶ್ನೆಯಾಗಿತ್ತು. ಅದನ್ನು ಕೇಳುವ ಇಲಾಖೆ ಆ ಕಟ್ಟಡದಲ್ಲಿ ಇರಲಿಲ್ಲ.

ನೋವು ಕಾಣಿಸಿಕೊಂಡದ್ದು ಬಿಸಿಲೇರಿದ ಮೇಲೆ. ಹುಲಗಪ್ಪ ಹೆಂಡತಿಯನ್ನು ಎತ್ತಿಕೊಂಡು ಬಂದು, ತಲೆಯೂ ಎದೆಯೂ ಗೆರೆಯ ಒಳಗೆ, ಸೊಂಟ ಹೊಸ್ತಿಲ ಮೇಲೆ, ಕಾಲು ಹೊರಗೆ ಬರುವಂತೆ ಮಲಗಿಸಿದ. ಹೃದಯಕ್ಕೂ ಶ್ವಾಸಕ್ಕೂ ಅಲೆ ತಾಗುತ್ತಿದ್ದರೆ ಕೆಲವು ತಾಸು ಜೀವ ಉಳಿಯುತ್ತದೆಂದು ಶಾಲ್ಮಲಾ ಹೇಳಿಕಳಿಸಿದ್ದಳು. ಸೊಂಟದ ಕೆಳಗೆ ಕಣಗಳು ನಿಂತವು. ಕಾಲುಗಳು ಕಲ್ಲಾದವು. ಒಳಗಿನ ಅರ್ಧದಲ್ಲಿ ದ್ಯಾಮವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೊರಗಿನ ಅರ್ಧದಲ್ಲಿ ಯಂಕವ್ವ ಕೈಗೆ ಎಣ್ಣೆ ಸವರಿಕೊಂಡಳು. ಇಬ್ಬರು ಬೀಗತಿಯರು ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡಿದ್ದು ಮದುವೆಯ ನಂತರ ಅಂದೇ.

"ಮುಕ್ಕ ಬೇ, ಮುಕ್ಕ," ಎಂದಳು ಯಂಕವ್ವ.

"ಮುಕ್ಕಾಕ ಕಾಲಽ ಇಲ್ಲ!"

"ಕಾಲಿಲೆ ಹಡೀತಾರೇನು? ಮುಕ್ಕ!" ಎಂದು ಗದರಿಸಿದ್ದು ದ್ಯಾಮವ್ವ.

ಪರದೆಯ ಮೇಲೆ ಹೂವವ್ವನ ಚುಕ್ಕೆ ಅಂಚಿನಲ್ಲಿ ಅರ್ಧ ಉರಿದು ಅರ್ಧ ಆರಿತ್ತು. ಶಾಲ್ಮಲಾ ಅದನ್ನೇ ನೋಡುತ್ತಾ ನಿಂತಳು. ಬಿಸಿಲು ಇಳಿಯುವ ಹೊತ್ತಿಗೆ ಚುಕ್ಕೆ ಪೂರ್ತಿ ಒಳಗೆ ಸರಿದು ಮತ್ತೆ ಹಸಿರಾಯಿತು. ಪಕ್ಕದಲ್ಲಿ ಹೊಸ ಚುಕ್ಕೆ ಮೂಡಲಿಲ್ಲ. ಮಗು ಹೊರಗೆ, ಅಜ್ಜಿಯ ಕೈಯಲ್ಲಿ ಹುಟ್ಟಿತ್ತು.

ಗಂಡಸರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಕಂಬದ ಲೆಕ್ಕಕ್ಕೆ ಸಿಗದ ಒಂದು ಜೀವ ನಮ್ಮೂರಿನಿಂದ ಹೊರಟಿತು ಎಂದು ಹೇಳಿ, ತೊಡೆ ತಟ್ಟಿ, ಬೀಡಿ ಹಚ್ಚುತ್ತಾರೆ. ಹೆಂಗಸರು ನಿಲ್ಲಿಸುವುದಿಲ್ಲ.

ಹೆಂಗಸರ ಪಾಠದಲ್ಲಿ ಮಗು ಅಳುವುದಕ್ಕೆ ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸುತ್ತದೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿತು, ಉಗುರೂ ಹಾಗೆಯೇ. ಯಂಕವ್ವ ಬೆನ್ನು ಉಜ್ಜಿದಳು, ಅಂಗಾಲಿಗೆ ಬಡಿದಳು, ಬಾಯಿಗೆ ಬಾಯಿಟ್ಟು ಊದಿದಳು. ಬಣ್ಣ ಬಂದು ಬಂದು ಹೋಗುತ್ತಿತ್ತು. ಹುಲಗಪ್ಪ ಕಂಬಕ್ಕೆ ಓಡಿದ. ಶಾಲ್ಮಲಾ ಉಪಕರಣ ತೆಗೆದುಕೊಂಡು ಬಂದು, ಹೊಸ್ತಿಲ ಈಚೆಯಿಂದ ಕೈ ಚಾಚಿ ಮಗುವಿನ ಎದೆಗೆ ಹಿಡಿದು ನೋಡಿದಳು.

"ಹೃದಯದಾಗ ತೂತೈತಿ. ಹೊರಗ ಇದನ್ನ ಹೊಲಿಯೂ ದವಾಖಾನಿ ಹತ್ತರ ಎಲ್ಲೂ ಉಳದಿಲ್ಲ. ಒಳಗ ಕಣಗೋಳು ಹೊಲೀತಾವ."

ಹೂವವ್ವ ಹೊಸ್ತಿಲ ಈಚೆ ಬಿದ್ದಿದ್ದಳು. ಮಗು ಆಚೆ, ಕೈಯಳತೆಯಲ್ಲಿತ್ತು. "ಬ್ಯಾಡ," ಎಂದಳು. ಮತ್ತೆ "ಬ್ಯಾಡ ಬೇ, ಬ್ಯಾಡ," ಎಂದಳು. ಎರಡನೆಯ ಸಲ ಅವಳು ಕೈಗಳನ್ನು ಚಾಚಿಯೇ ಹಾಗೆ ಹೇಳಿದಳು.

ಯಂಕವ್ವ ಮಗಳ ಮಾತನ್ನು ಕೇಳಲಿಲ್ಲ, ಕೈಗಳನ್ನು ನೋಡಿದಳು. ಮಗುವನ್ನು ಹೊಸ್ತಿಲು ದಾಟಿಸಿದಳು. ಶಾಲ್ಮಲಾ ಹನಿ ಬಿಟ್ಟಳು. ಅಷ್ಟು ಹೊತ್ತಿನ ನಂತರ ಆ ಕೂಸು ಮೊದಲ ಬಾರಿಗೆ ಪೂರ್ತಿಯಾಗಿ ಅತ್ತಿತು.

ಅಳು ಕೇಳಿ ಹೂವವ್ವ ಗೋಡೆಗೆ ಮುಖ ತಿರುಗಿಸಿದಳು. ಆಗ ಶಾಲ್ಮಲಾ ತಗ್ಗಿದ ದನಿಯಲ್ಲಿ, ಯಾರಿಗೂ ಹೇಳಬಾರದೆಂದು ಮೇಲಿನಿಂದ ಆಜ್ಞೆಯಿದ್ದ ಒಂದು ಸಂಗತಿಯನ್ನು ಹೇಳಿದಳು. ದೊಡ್ಡವರ ಮೈ ತನ್ನ ಕಾವಲನ್ನು ಕೆಲವೇ ವಾರಗಳಲ್ಲಿ ಮರೆಯುತ್ತದೆ. ಎಳೆಯ ಕೂಸಿನ ಮಜ್ಜೆ ಹಾಗಲ್ಲ. ಅದು ಹೊಸ ನೀರಿನಂತೆ ಉಕ್ಕುತ್ತಿರುತ್ತದೆ, ಕಣಗಳಿಗೆ ಸುಲಭವಾಗಿ ಜಾಗ ಬಿಡುವುದಿಲ್ಲ. ಮೊದಲ ಹಲ್ಲು ಮೂಡುವ ಹೊತ್ತಿಗೆ ಆ ಉಕ್ಕು ಇಳಿಯುತ್ತದೆ. ಆಮೇಲೆ ಮರೆವು ಶುರು.

"ಅಂದ್ರ?" ಎಂದಳು ಯಂಕವ್ವ.

"ಅಂದ್ರ ಹಲ್ಲು ಬರೂ ಮಟಾ ಒಳಗಿಡ್ರಿ, ತೂತು ಮುಚ್ಚತೈತಿ. ಹಲ್ಲು ಕಾಣೂಕಿಂತ ಮೊದಲ ಹೊರಗ ಒಯ್ಯಿರಿ, ಏನೂ ಆಗೂದಿಲ್ಲ. ಹಲ್ಲು ಬಂದ ಮ್ಯಾಲೆ ಮಾತ್ರ ಆಗಂಗಿಲ್ಲ. ಒಯ್ದ ಮ್ಯಾಲೆ ತಾಯಿ ಹಾಲು ಬ್ಯಾಡ, ಅದರಾಗೂ ಕಣ ಇರ್ತಾವ."

"ಇದನ್ನ ಊರಿಗೆಲ್ಲಾ ಯಾಕ ಹೇಳಿಲ್ಲ ಬಾಯಾರ?" ಎಂದು ದ್ಯಾಮವ್ವ ಕೇಳಿದಳು. ಅವಳ ದನಿ ಹಿಂದಿನಂತಿರಲಿಲ್ಲ.

"ಹೇಳಿದ್ರ ಎಲ್ಲಾರೂ ಮಕ್ಕಳನ್ನ ಹೊರಗ ಒಯ್ತಾರ. ಒಳಗ ಯಾರು ಉಳೀತಾರ?"

ಕೂಸು ಒಳಗೆ ಉಳಿಯಿತು. ಹೊಸ್ತಿಲ ಆಚೆ ಯಂಕವ್ವನೂ ಉಳಿದಳು. ತವರುಮನೆ ಅಲ್ಲಿಯೇ ಇದ್ದುದರಿಂದ ಹೊಸಗುಡ್ಡದಲ್ಲಿ ಅವಳಿಗೆ ಬಾಗಿಲಿಲ್ಲದ ಗೋಡೆಗಳು ಮಾತ್ರ ಇದ್ದವು. ಹೂವವ್ವ ದಿನವೂ ಮಧ್ಯಾಹ್ನ ಬಂದು ಈಚೆ ಕುಳಿತು ಹಾಲೂಡುತ್ತಿದ್ದಳು. ಅಜ್ಜಿ ಆಚೆಯಿಂದ ಕೂಸಿನ ಪಾದ ಹಿಡಿದು ಆಡಿಸುತ್ತಿದ್ದಳು. ತುಟಿಯ ನೇರಳೆ ಹೋಗಿ ಕೆಂಪು ಬಂತು. ಸಜ್ಜೆ ತೆನೆಗಟ್ಟುವ ಕಾಲಕ್ಕೆ ಶಾಲ್ಮಲಾ ಬಂದು ಎದೆ ನೋಡಿ, "ಮುಚ್ಚೇತಿ. ಇನ್ನ ಯಾವಾಗ ಬೇಕಾದ್ರೂ ಒಯ್ಯಿರಿ," ಎಂದಳು.

ಹೂವವ್ವ ನಾಳೆ ಎಂದಳು. ನಾಳೆ ಅಮಾವಾಸ್ಯೆ ಬಂತು. ಅದರ ಮರುದಿನ ಮಂಗಳವಾರ, ಕೂಸನ್ನು ಕಳಿಸಬಾರದ ವಾರ. ಆಮೇಲೆ ಶೀತಗಾಳಿ, ಆಮೇಲೆ ಹುಲಗಪ್ಪ ಕ್ವಾರಿಯಲ್ಲಿದ್ದ ದಿನ. ಅಪ್ಪ ಇಲ್ಲದೆ ಹೇಗೆ ಕಳಿಸುವುದು? ಯಂಕವ್ವ ಒತ್ತಾಯಿಸಲಿಲ್ಲ. ಕೂಸಿನ ತಲೆಗೆ ಕುಲಾವಿಯೊಂದನ್ನು ಹೊಲಿದಳು, ಬಿಚ್ಚಿದಳು, ದೊಡ್ಡದಾಗಿ ಮತ್ತೆ ಹೊಲಿದಳು.

"ಕಳಸ್ತೀಯೋ ಇಲ್ಲೋ?" ಎಂದು ಮನೆಯಲ್ಲಿ ಹುಲಗಪ್ಪ ಕೇಳಿದ. ಈ ಸಲ ಅವನು ನಗಿಸಲಿಲ್ಲ.

"ನೀನಽ ಎತ್ತಿಕೊಂಡು ಹೋಗಿ ಕೊಡು ಹಂಗಾರ."

ಅವನು ತೊಟ್ಟಿಲ ಹತ್ತಿರ ಹೋದ. ಬಹಳ ಹೊತ್ತು ನಿಂತ. ತೊಟ್ಟಿಲು ತೂಗಿ ಬಂದ.

ನಿಯಂತ್ರಣ ಕೊಠಡಿಯಲ್ಲಿ ಆ ಪುಟ್ಟ ಚುಕ್ಕೆಯ ಕೆಳಗಿನ ಮಜ್ಜೆಯ ರೇಖೆ ಬಾಗತೊಡಗಿತ್ತು. ಶಾಲ್ಮಲಾ ನಿತ್ಯವೂ ಮೊದಲು ಅದನ್ನೇ ನೋಡುತ್ತಿದ್ದಳು. ಶ್ರೀಕಂಠಸ್ವಾಮಿ ಹಿಂದಿನಿಂದ ಬಂದು ತಾವೂ ನೋಡಿದರು. ಅವರಿಗೆ ಎಷ್ಟು ತಿಳಿದಿತ್ತೋ, ಹೆಂಗಸರ ಪಾಠ ಹೇಳುವುದಿಲ್ಲ.

"ಆ ಮಗು ಇನ್ನೂ ಒಳಗೇ ಇದೆಯಲ್ಲ ಮೇಡಂ."

"ಯಾರೂ ಹಿಡದಿಲ್ಲ ಸರ್. ಬಾಗಲಾ ತೆರದೈತಿ."

"ಹಾಗಾದ್ರೆ?"

ಅವಳು ಗೆರೆಯ ಮನೆಗೆ ಹೇಳಿಕಳಿಸಿದಳು: ಇವತ್ತೋ ನಾಳೆಯೋ ಹಲ್ಲು ಬರುತ್ತದೆ. ದಿನವೂ ವಸಡಿಗೆ ಬೆರಳಿಟ್ಟು ನೋಡಿ. ತಡ ಮಾಡಬೇಡಿ.

ಮರುದಿನ ಯಂಕವ್ವ ನೀರು ಹಾಕಿಕೊಂಡು, ಮಡಿಸೀರೆಯುಟ್ಟು, ಕೂಸಿನ ಬಟ್ಟೆಯನ್ನೆಲ್ಲ ಗಂಟುಕಟ್ಟಿ ಹೊಸ್ತಿಲ ಆಚೆ ಕುಳಿತಿದ್ದಳು. ಹೂವವ್ವ ಈಚೆ ಕುಳಿತು ಕೂಸನ್ನು ಎದೆಗೆ ಹಚ್ಚಿದಳು. ಕೊನೆಯ ಹಾಲು ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಆಡಬಾರದೆಂದು ಬೇರೆ ಮಾತು ಆಡಿದರು.

"ಊರಾಗ ಏನ್ ಸುದ್ದಿ ಬೇ?"

"ಏನೈತಿ. ಸಜ್ಜಿ ಛಲೋ ಬಂದೈತಿ. ಬಡಿಗ್ಯಾರ ಮೌನೇಶಪ್ಪನ ಮೊಮ್ಮಗ ಹೋತು."

"ಯಾವುದು? ಗುಂಗುರುಗೂದಲದ್ದು?"

"ಹೂಂ. ಜ್ವರ ಬಂದಿತ್ತು. ಎತ್ತಿಕೊಂಡು ತಿರಿಗ್ಯಾಡಿದ್ರು. ಒಂದು ಕಡೆ ಬಾಗಲಾ ಹಾಕಿತ್ತಂತ, ಇನ್ನೊಂದು ಕಡೆ ಡಾಕ್ಟರ್ ಇರಲಿಲ್ಲಂತ. ಕಂಬದ ಕೆಳಗ ಒಯ್ಯೂನು ಅಂತ ಈ ಕಡೆ ಹೊಳ್ಳಿದ್ರಂತ. ದಾರ‍್ಯಾಗ..." ಯಂಕವ್ವ ಅಲ್ಲಿಗೆ ನಿಲ್ಲಿಸಿದಳು. ಹೇಳಬಾರದ ದಿನ ಹೇಳಿದೆನೆಂದು ಆಗ ಹೊಳೆದಿರಬೇಕು. ಗಂಟಿನ ಮೇಲಿನ ಧೂಳನ್ನು ಸುಮ್ಮನೆ ಕೊಡವಿದಳು.

ಹೂವವ್ವ ಕೂಸಿನ ನೆತ್ತಿಯನ್ನು ನೋಡುತ್ತಿದ್ದಳು. ಅದು ಕಣ್ಣು ಮುಚ್ಚಿ, ಮುಷ್ಟಿ ಕಟ್ಟಿ, ಮನಸ್ಸಿಟ್ಟು ಕುಡಿಯುತ್ತಿತ್ತು. ಇದ್ದಕ್ಕಿದ್ದಂತೆ ಅವಳ ಭುಜ ಬೆಚ್ಚಿತು. ಉಸಿರು ಒಳಗೇ ಹಿಡಿದುಕೊಂಡಿತು. ಕೂಸು ಕಣ್ಣು ತೆರೆದು ತಾಯಿಯ ಮುಖ ನೋಡಿ, ನಕ್ಕು, ಮತ್ತೆ ಬಾಯಿ ಹಚ್ಚಿತು.

ಐದು ಮಕ್ಕಳಿಗೆ ಹಾಲೂಡಿದವಳು ಯಂಕವ್ವ. ಹೆಣ್ಣಿನ ಭುಜ ಹಾಗೆ ಬೆಚ್ಚುವುದು ಯಾವುದಕ್ಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಕೇಳಿದಳು.

"ಹಲ್ಲು ಬಂತೇನವ್ವಾ?"

ಹೂವವ್ವ ತಲೆ ಎತ್ತಲಿಲ್ಲ.

"ಇಲ್ಲ ಬೇ. ಇನ್ನಾ ಇಲ್ಲ."

ಯಂಕವ್ವ ಹೊಸ್ತಿಲ ಮೇಲಿನಿಂದ ಕೈ ಚಾಚಿ ಮಗಳ ಕಣ್ಣೊರೆಸಿದಳು.

"ಹೌದವ್ವ," ಎಂದಳು. "ಇನ್ನಾ ಇಲ್ಲ."

ಆಮೇಲೆ ಬಟ್ಟೆಯ ಗಂಟನ್ನು ಬಿಚ್ಚಿ, ಕೂಸಿನ ಅಂಗಿಗಳನ್ನು ಒಂದೊಂದಾಗಿ ಮಡಿಸಿ, ಹೊಸ್ತಿಲ ಈಚೆಗೆ ಸರಿಸತೊಡಗಿದಳು.